ಕೆಂಪು ರಟ್ಟಿನ ಪುಸ್ತಕ

ಬೈಂಡಿಂಗ್ ಕೆಲಸದವರು ಓದಬಾರದು. ಇದು ಆ ಕಸುಬಿನ ಮೊದಲನೆಯ ಪಾಠ. ಕಣ್ಣು ಸಾಲಿನ ಮೇಲೆ ಹೋಯಿತೋ, ಕೈ ಮಡಿಕೆ ತಪ್ಪಿತೆಂದೇ ತಿಳಿಯಬೇಕು. ಹಾಳೆಯ ಅಡಿಯಂಚಿನಲ್ಲಿ ಸಣ್ಣದಾಗಿ ಅಚ್ಚಾದ ಫಾರಂ ಸಂಖ್ಯೆಯನ್ನು, ಅಂದರೆ ಅದು ಎಷ್ಟನೆಯ ಮಡಿಕೆ ಎಂಬ ಗುರುತನ್ನು ಮಾತ್ರ ನೋಡಬೇಕು, ಮಡಿಸಬೇಕು, ಜೋಡಿಸಬೇಕು, ಹೊಲಿಯಬೇಕು. ಒಳಗೆ ತತ್ವವಿದೆಯೋ ತರಕಾರಿ ಬೆಲೆಯಿದೆಯೋ, ಅದು ಓದುವವರ ಹಣೆಬರಹ. ಎರಡನೆಯ ಪಾಠ, ಹಸಿಯಿರುವಾಗ ಪುಸ್ತಕ ಮುಚ್ಚಬಾರದು. ಶಾಯಿಯಾಗಲಿ ಅಂಟಾಗಲಿ ಒಣಗುವ ತನಕ ಕಾಯಬೇಕು, ಇಲ್ಲದಿದ್ದರೆ ಎದುರು ಪುಟಕ್ಕೆ ಹತ್ತಿ ಎರಡೂ ಕೆಡುತ್ತವೆ. ಸೂಜಿಯಕ್ಕ ಇಪ್ಪತ್ತಾರು ವರ್ಷ ಈ ಎರಡು ಪಾಠಗಳನ್ನು ಒಮ್ಮೆಯೂ ಮೀರಿದವಳಲ್ಲ. ಅವಳ ಗಂಡ ಬರೆದ ಒಂದೇ ಒಂದು ಪುಸ್ತಕವನ್ನು ಅವಳೇ ಹೊಲಿದು, ಅವಳೇ ರಟ್ಟು ಕಟ್ಟಿ, ಇವತ್ತಿನವರೆಗೂ ತೆರೆದು ನೋಡಿರಲಿಲ್ಲ ಎಂದರೆ ನೀವೇ ಅಂದಾಜು ಮಾಡಿ.

ಎಡವಟ್ಟಾದದ್ದೂ ಅಲ್ಲಿಂದಲೇ.

ಮೂರು ತಿಂಗಳ ಹಿಂದೆ ಪಟ್ಟಿ ಮಾಡುವ ಕಚೇರಿಯವರು ಊರಿನ ಪ್ರತಿಯೊಬ್ಬರಿಗೂ ಒಂದೊಂದು ಅರ್ಜಿ ಕೊಟ್ಟಿದ್ದರು. ಹೆಸರು, ಕೆಲಸ, ಬೀದಿ, ಕೊನೆಗೆ ‘ನೀವು ಎಲ್ಲಿಯವರು’ ಎಂಬ ಪ್ರಶ್ನೆ. ಕೊಟ್ಟ ಜಾಗದಲ್ಲಿ ಊರಿನ ಹೆಸರು ಬರೆದರೆ ಮುಗಿಯಿತು, ಹಸುಗೂಸಿನ ಪರವಾಗಿ ಅದರ ತಾಯಿಯೂ ಬರೆಯಬಲ್ಲಂಥದ್ದು. ಸೂಜಿಯಕ್ಕ ತನ್ನದನ್ನು ತುಂಬಿದಳು. ಗಂಡ ತುಂಬಿಕೊಟ್ಟದ್ದನ್ನು ಓದದೆ, ಅಂಚಿಗೆ ಅಂಚು ಸೇರಿಸಿ ಚೆಂದಾಗಿ ಮಡಿಸಿ, ಎರಡನ್ನೂ ಕಚೇರಿಯ ಪೆಟ್ಟಿಗೆಗೆ ಹಾಕಿ ಬಂದಳು.

ಗಂಡ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳುವವರು. ಊರಿಗೆಲ್ಲ ಆ ಪಾಠ ಹೇಳುವವರು ಅವರೊಬ್ಬರೇ ಆದ್ದರಿಂದ ಬರೀ ‘ಮೇಷ್ಟ್ರು’ ಎಂದರೆ ಸಾಕಿತ್ತು. ಮೇಷ್ಟ್ರಿಗೆ ಒಂದು ಅಭ್ಯಾಸ. ನಾಳೆಯ ಪಾಠವನ್ನು ಇವತ್ತೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಗೆ ಒಪ್ಪಿಸುವುದು. ಸೂಜಿಯಕ್ಕ ಈರುಳ್ಳಿ ಹೆಚ್ಚುತ್ತಾ ಕೇಳುತ್ತಿದ್ದಳು. ಓದಬಾರದು ಎಂಬ ನಿಯಮವಿತ್ತೇ ಹೊರತು ಕೇಳಬಾರದು ಎಂದಿರಲಿಲ್ಲ. ಹಾಗಾಗಿ ಎರಡು ಸಾವಿರ ವರ್ಷಗಳ ದೊಡ್ಡ ದೊಡ್ಡ ಮಾತುಗಳೆಲ್ಲ ಅವಳಿಗೆ ಒಗ್ಗರಣೆಯ ಸದ್ದಿನ ಜೊತೆಗೇ ಗೊತ್ತಿದ್ದವು.

ಮಣ್ಣಿನ ಹಂಡೆಯಲ್ಲಿ ವಾಸ ಮಾಡಿಕೊಂಡಿದ್ದ ಒಬ್ಬ ಹಳೇ ಕಾಲದ ಜ್ಞಾನಿಯ ಕಥೆ ಮೇಷ್ಟ್ರಿಗೆ ಅಚ್ಚುಮೆಚ್ಚು. ಯಾರೋ ಅವನನ್ನು ಎಲ್ಲಿಯವನಯ್ಯಾ ಎಂದು ಕೇಳಿದರಂತೆ, ಅವನು ಲೋಕದವನು ಎಂದನಂತೆ.

"ಅವನಿಗೆ ಸ್ವಂತ ಊರು ಇರಲಿಲ್ವಾ?" ಎಂದು ಅವಳು ಕೇಳಿದ್ದಳು.

"ಇತ್ತು. ಆ ಊರಿನವರು ಅವನನ್ನ ಹೊರಗೆ ಹಾಕಿದ್ರು."

"ಅದಕ್ಕೇ ಹಾಗಂದಿದ್ದು ಬಿಡಿ. ಊರು ಇದ್ದೋರು ಯಾರೂ ಹಾಗನ್ನಲ್ಲ."

ಮೇಷ್ಟ್ರು ಆ ಜ್ಞಾನಿಯನ್ನು ಅಲ್ಲಿಗೇ ಬಿಟ್ಟರು. ಆಮೇಲೆ ಇನ್ನೊಬ್ಬನ ಮಾತು ತೆಗೆದರು. ಮನುಷ್ಯನ ಸುತ್ತ ಒಂದರ ಹೊರಗೊಂದು ಸುತ್ತುಗಳಿವೆಯಂತೆ. ಮೊದಲು ತಾನು, ಆಮೇಲೆ ಮನೆಯವರು, ನೆಂಟರು, ಬೀದಿಯವರು, ಊರಿನವರು, ಕೊನೆಯ ಸುತ್ತಿನಲ್ಲಿ ಲೋಕದವರೆಲ್ಲ. ಹೊರಗಿನ ಸುತ್ತಿನವರನ್ನು ಒಂದೊಂದೇ ಸುತ್ತು ಒಳಕ್ಕೆ ಎಳೆದುಕೊಳ್ಳುವುದೇ ಬದುಕಿನ ಕೆಲಸವಂತೆ. ಮತ್ತೊಬ್ಬ ಬಹಳ ಶತಮಾನ ಕಳೆದ ಮೇಲೆ ಬಂದವನು. ಅವನು ಹೇಳಿದ್ದು ಇಷ್ಟು: ಭೂಮಿ ಗುಂಡಗಿದೆ, ಎಷ್ಟು ದೂರ ಹೋದರೂ ಕೊನೆಗೆ ಒಬ್ಬರ ಪಕ್ಕ ಒಬ್ಬರು ಇರಲೇಬೇಕು, ಬಾಗಿಲಿಗೆ ಬಂದವನನ್ನು ಕಳಿಸಿದರೆ ಅವನು ಸಾಯುತ್ತಾನೆ ಅನ್ನುವಾಗ ಕಳಿಸುವ ಹಕ್ಕು ಯಾರಿಗೂ ಇಲ್ಲ.

"ಕೆಳಗಿನ ಮನೇಲಿ ಬೀಗ ರಿಪೇರಿ ಮಾಡೋ ಬೀಗದವನು ನಮ್ಮ ಮೆಟ್ಟಿಲ ಮೇಲೆ ಕೊಳಕು ನೀರು ಚೆಲ್ತಾನೆ. ಅವನನ್ನ ಯಾವ ಸುತ್ತಿಗೆ ಎಳೀಲಿ?" ಎಂದಿದ್ದಳು ಸೂಜಿಯಕ್ಕ. ಹೀಗೆ ನಡೆದಿತ್ತು ಸಂಸಾರ.

ಗುರುವಾರ ಮಧ್ಯಾಹ್ನ ಬೀದಿಯಲ್ಲಿ ಧ್ವನಿವರ್ಧಕದ ವ್ಯಾನು ಬಂತು. ಊರಿನ ಪಟ್ಟಿ ಸಿದ್ಧವಾಗಿದೆ, ಎರಡು ಪುಸ್ತಕವಾಗಿ ಬರುತ್ತದೆ. ಹಸಿರು ಪುಸ್ತಕದವರು ಊರಿನವರು. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಸೇತುವೆಯ ಬಳಿ ಕೆಂಪು ಪುಸ್ತಕ ತೆರೆದು ಹೆಸರು ಕೂಗುತ್ತಾರೆ, ಹೆಸರು ಬಂದವರು ಸೇತುವೆ ದಾಟಬೇಕು. ಒಬ್ಬರಿಗೆ ಒಂದು ಕೈಚೀಲ. ಆ ದನಿ ತರಕಾರಿ ಮಾರುವವನ ದನಿಯಷ್ಟೇ ಸಾದಾ ಇತ್ತು. ಹೊಳೆಯ ಮೇಲ್ಭಾಗದ ಪಕ್ಕದ ಊರಿನಲ್ಲಿ ಎರಡು ತಿಂಗಳ ಹಿಂದೆ ಹೀಗೇ ಆಗಿತ್ತು. ಸೇತುವೆ ದಾಟಿದವರಿಂದ ಇದುವರೆಗೆ ಒಂದು ಸಾಲಿನ ಕಾಗದವೂ ಬಂದಿರಲಿಲ್ಲ. ಏನಾದರು ಎಂದು ಯಾರೂ ಕೇಳುತ್ತಿರಲಿಲ್ಲ, ಕೇಳಿದವರ ಗತಿಯೂ ಗೊತ್ತಿರಲಿಲ್ಲ.

ಸಂಜೆ ಮೇಷ್ಟ್ರು ಮನೆಗೆ ಬಂದಾಗ ಬಾಗಿಲ ಚಿಲಕ ಹಾಕುವಾಗ ಎರಡು ಸಲ ಕೈ ತಪ್ಪಿತು.

"ನೋಡು, ನಾನೊಂದು ತಪ್ಪು ಮಾಡಿಬಿಟ್ಟಿದ್ದೀನಿ."

"ಹಾಲು ಮರೆತ್ರಾ?"

"ಅರ್ಜಿಯಲ್ಲಿ ಊರಿನ ಹೆಸರು ಬರೀಲಿಲ್ಲ."

"ಮತ್ತೇನು ಬರೆದ್ರಿ?"

"ಲೋಕದವನು ಅಂತ."

ಸೂಜಿಯಕ್ಕನಿಗೆ ಮೊದಲು ನಗು ಬಂತು. ಆ ನಗು ಅರ್ಧದಲ್ಲೇ ನಿಂತಿತು, ಅವಳು ಕುರ್ಚಿಯ ಮೇಲೆ ಕುಳಿತಳು. ಮೇಷ್ಟ್ರು ಹುಟ್ಟಿದ್ದು ಇದೇ ಊರಿನ ಆಸ್ಪತ್ರೆಯಲ್ಲಿ, ಬೆಳೆದದ್ದು ಇಲ್ಲಿಂದ ನಾಲ್ಕು ಬೀದಿ ಆಚೆ. ಅರ್ಜಿ ತುಂಬಿದ ದಿನ ತರಗತಿಯಲ್ಲಿ ಹಂಡೆಯವನ ಪಾಠವಾಗಿತ್ತು. ಹುಡುಗರು ಚಪ್ಪಾಳೆ ತಟ್ಟಿದ್ದರು. ಆ ಚಪ್ಪಾಳೆಯ ಗುಂಗಿನಲ್ಲಿ ಕೈ ಹಾಗೆ ಬರೆದುಬಿಟ್ಟಿತ್ತು.

"ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರೆ. ನಿಮಗೆ ಊರೂ ಸಾಲದೇ ಹೋಯ್ತು," ಎಂದಳು.

"ಬರೆಯೋವಾಗ ಧೈರ್ಯ ಇತ್ತು ಕಣೇ. ಆಗ ಅದು ಬರೀ ಕಾಗದ." ಮೇಷ್ಟ್ರು ಅವಳ ಮುಖ ನೋಡಲಿಲ್ಲ. "ಈಗ ಕಚೇರಿಗೆ ಹೋಗಿದ್ದೆ. ನಾನು ಇಲ್ಲಿಯವನೇ, ಬೇಕಿದ್ರೆ ನೂರು ಸಲ ಬರೆದುಕೊಡ್ತೀನಿ ಅಂತ ಗೋಗರೆದೆ. ಅಚ್ಚಾಗಿ ಹೋಯ್ತು ಅಂದ್ರು."

ಗೋಗರೆದೆ ಎಂದ ಮಾತು ಅವಳಿಗೆ ಬಹಳ ನೋವು ಮಾಡಿತು. ಇಪ್ಪತ್ತಾರು ವರ್ಷ ಅಡುಗೆಮನೆಯ ಬಾಗಿಲಲ್ಲಿ ಎದೆಯೆತ್ತಿ ನಿಂತು ಮಾತಾಡಿದ ಮನುಷ್ಯ. ಅವನು ಯಾವುದೋ ಕಿಟಕಿಯ ಮುಂದೆ ಬಗ್ಗಿ ನಿಂತದ್ದನ್ನು ನೆನೆದರೆ ಸಿಟ್ಟೂ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅಚ್ಚುಕೂಟದ ಬೈಂಡಿಂಗ್ ಕೋಣೆಗೆ ಕಚೇರಿಯ ಸಾಹೇಬರು ಬಂದರು. ತೆಳ್ಳಗಿನ ಮನುಷ್ಯ, ಐದು ನಿಮಿಷಕ್ಕೊಮ್ಮೆ ಕನ್ನಡಕ ಒರೆಸಿಕೊಳ್ಳುವವರು, ಮಾತು ಬಹಳ ಮೃದು. ಸೂಜಿಯಕ್ಕನಿಗೆ ಆ ಮೃದು ಮಾತೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಕೋಣೆಯಲ್ಲಿ ಇದ್ದದ್ದು ಅವಳು ಮತ್ತು ಅಂಟು ಕಾಯಿಸುವ ಗೋಂದಮ್ಮ, ಇಬ್ಬರೇ. ಉಳಿದವರನ್ನು ಹೊರಗೆ ಕಳಿಸಿದ್ದರು.

ಸಾಹೇಬರು ಉದ್ದ ಮೇಜಿನ ಮೇಲೆ ಎರಡು ಕಟ್ಟು ಇಟ್ಟು ಎಣಿಸಿ ತೋರಿಸಿದರು. "ಒಂದರಿಂದ ಮೂವತ್ತು ಹಸಿರಿಗೆ. ಮೂವತ್ತೊಂದರಿಂದ ಮೂವತ್ತನಾಲ್ಕು ಕೆಂಪಿಗೆ. ಹಸಿರಿನ ಕೊನೆಗೆ ಎಂದಿನ ಹಾಗೆ ನಾಲ್ಕು ಖಾಲಿ ಫಾರಂ. ಮುಂದೆ ಹುಟ್ಟೋರಿಗೆ ಜಾಗ ಬೇಕಲ್ಲ. ಕೆಂಪಿಗೆ ಖಾಲಿ ಬೇಡ."

ಫಾರಂ ಎಂದರೆ ಹದಿನಾರು ಪುಟಗಳ ಒಂದು ಮಡಿಕೆ. ಪುಟಕ್ಕೆ ಇಪ್ಪತ್ತೈದು ಹೆಸರು. ಹೆಸರಿನ ಮುಂದೆ ಕೆಲಸ, ಬೀದಿ, ಕೊನೆಗೆ ಏನಾದರೂ ಟಿಪ್ಪಣಿಯಿದ್ದರೆ ಬರೆಯಲು ಷರಾ ಎಂದು ಖಾಲಿ ಬಿಟ್ಟ ಒಂದು ಅಂಕಣ. ಊರಿನವನು ಹೊರಗಿನವನು ಎಂದು ಹಾಳೆಯ ಮೇಲೆ ಎಲ್ಲಿಯೂ ಅಚ್ಚಾಗಿರಲಿಲ್ಲ. ಅದನ್ನು ಹೇಳಬೇಕಾದದ್ದು ರಟ್ಟು.

"ಅರ್ಜಿಗಳನ್ನ ನಿನ್ನೆ ಸುಟ್ಟಾಯ್ತು," ಎಂದರು ಸಾಹೇಬರು. "ಎರಡೆರಡು ದಾಖಲೆ ಇದ್ರೆ ಜನ ಜಗಳಕ್ಕೆ ಬರ್ತಾರೆ. ಇರೋದು ಇದೊಂದೇ ಪ್ರತಿ. ಹುಷಾರಮ್ಮ." ಹೇಳಿ, ಕುರ್ಚಿ ಎಳೆದುಕೊಂಡು ಮೇಜಿನಿಂದ ಆರೇಳು ಹೆಜ್ಜೆ ದೂರದಲ್ಲಿ ಕುಳಿತರು.

ಸೂಜಿಯಕ್ಕ ದಾರಕ್ಕೆ ಮೇಣ ಹಚ್ಚಿದಳು. ಓದುವುದಿಲ್ಲ ಎಂದುಕೊಂಡಳು. ಮೂವತ್ತೊಂದು, ಮೂವತ್ತೆರಡು, ಅಡಿಯಂಚಿನ ಸಂಖ್ಯೆ ಮಾತ್ರ ನೋಡಿದಳು. ಮೂವತ್ತಮೂರನ್ನು ಕೈಗೆತ್ತಿಕೊಂಡಾಗ ಮಡಿಕೆ ತಾನಾಗಿ ಸ್ವಲ್ಪ ಬಿಚ್ಚಿಕೊಂಡಿತು, ಕೆಲಸದ ಅಂಕಣದಲ್ಲಿ ‘ತತ್ವಶಾಸ್ತ್ರದ ಮೇಷ್ಟ್ರು’ ಎಂದಿತ್ತು. ಗೊತ್ತಿದ್ದ ವಿಷಯವೇ, ಆದರೂ ಅಚ್ಚಿನಲ್ಲಿ ನೋಡುವುದು ಬೇರೆ.

ಒಂದು ಹೆಸರನ್ನು ಅಳಿಸಲಾಗದು, ಅಚ್ಚಿನ ಶಾಯಿ. ಒಂದು ಹಾಳೆಯನ್ನು ಕೀಳಲಾಗದು. ಫಾರಂನಲ್ಲಿ ಯಾವ ಹಾಳೆಯೂ ಒಂಟಿಯಲ್ಲ, ಮಡಿಕೆಯ ಆಚೆ ಅದರ ಜೋಡಿ ಹಾಳೆ ಇರುತ್ತದೆ. ಇದನ್ನು ಕಿತ್ತರೆ ಅದು ಉದುರುತ್ತದೆ. ಉಳಿದದ್ದು ಒಂದೇ ದಾರಿ, ಇಡೀ ಮೂವತ್ತಮೂರನ್ನು ಹಸಿರಿಗೆ ಸೇರಿಸಿ, ಎಣಿಸಿ ಕೊಟ್ಟ ಲೆಕ್ಕ ತಪ್ಪದಿರಲು ಹಸಿರಿನ ಒಂದು ಫಾರಂ ಅನ್ನು ಕೆಂಪಿಗೆ ತರುವುದು. ಸಂಖ್ಯೆ ಇರುವುದು ಅಡಿಯಂಚಿನಲ್ಲಿ, ಹೊಲಿದ ಮೇಲೆ ಕತ್ತರಿ ಯಂತ್ರ ಆ ಅಂಚನ್ನೇ ಕತ್ತರಿಸಿ ಬಿಸಾಡುತ್ತದೆ. ಆಮೇಲೆ ಯಾರಪ್ಪನಿಗೂ ತಿಳಿಯದು.

ಅವಳ ಕೈ ಹಸಿರಿನ ಕಟ್ಟಿಗೆ ಹೋಯಿತು. ಏಳನೆಯ ಫಾರಂ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವಳು ಓದಿದಳು. ಮೊದಲ ಪುಟದಲ್ಲೇ ಹಾಲು ಹಾಕುವವಳು. ಅದರ ಕೆಳಗೆ ಕಳೆದ ವರ್ಷ ಸೂಜಿಯಕ್ಕನ ದವಡೆ ಹಲ್ಲು ಕಿತ್ತ ವೈದ್ಯ, ಕಿತ್ತ ಮೇಲೆ ನೋವಾಯಿತಾ ತಾಯಿ ಎಂದು ಮೂರು ಸಲ ಕೇಳಿದವನು. ಬೇಡ. ಗುರುತಿಲ್ಲದವರು ಸಿಗಲಿ ಎಂದು ಹತ್ತೊಂಬತ್ತನ್ನು ತೆಗೆದಳು. ಕೊಡೆ ರಿಪೇರಿ, ಹಾಸಿಗೆ ಹೊಲಿಯುವವಳು, ಗಾಜು ಕೂರಿಸುವವನು. ಒಬ್ಬರೂ ಗೊತ್ತಿಲ್ಲ, ಬೀದಿಯೂ ಅವಳು ಕಾಲಿಟ್ಟದ್ದಲ್ಲ. ಸರಿ ಎಂದುಕೊಂಡು ಪುಟ ತಿರುಗಿಸಿದರೆ ಕೆಲಸದ ಅಂಕಣದಲ್ಲಿ ‘ಮಗು’ ಎಂದಿತ್ತು. ಅದರ ಕೆಳಗೂ ಮಗು. ಅದರ ಕೆಳಗೂ. ಒಂದೇ ಮನೆಯ ಆರು ಸಾಲು. ಏನೂ ಕೆಲಸ ಗೊತ್ತಿಲ್ಲದ ಆರು ಜನ.

ಗುರುತಿಲ್ಲದವರು ಎಂದರೆ ಓದುವ ತನಕ ಮಾತ್ರ ಗುರುತಿಲ್ಲದವರು. ಇದು ಯಾವ ಜ್ಞಾನಿಯ ಪಾಠವೋ ಅವಳಿಗೆ ನೆನಪಾಗಲಿಲ್ಲ. ಕೈ ಬೆವರಿ ಕಾಗದಕ್ಕೆ ಬೆರಳಿನ ಒದ್ದೆ ಹತ್ತುತ್ತಿತ್ತು.

"ಏನಮ್ಮ, ಓದ್ತಾ ಇದ್ದೀರಾ?"

ಸಾಹೇಬರು ಕುರ್ಚಿಯಿಂದಲೇ ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಹಾಗೆ ಸೂಜಿಯಕ್ಕನ ಕೈ ಸೆರಗಿಗೆ ಹೋಯಿತು. ಬೆವರು ಒರೆಸಿಕೊಂಡಳು.

"ಓದೋದು ನಮ್ಮ ಕೆಲಸ ಅಲ್ಲ ಸಾರ್. ನಂಬರು ನೋಡ್ತಿದ್ದೆ."

"ನೋಡಿ, ನೋಡಿ. ಆತುರ ಬೇಡ," ಎಂದು ಅವರು ಕನ್ನಡಕ ಒರೆಸಿದರು.

ಅತ್ತ ದರಿ ಇತ್ತ ಪುಲಿ. ಮೂವತ್ತಮೂರನ್ನು ಇಲ್ಲೇ ಬಿಟ್ಟರೆ ಮೇಷ್ಟ್ರು ಹೋಗುತ್ತಾರೆ. ಬಿಡದಿದ್ದರೆ ಆ ಆರು ಮಕ್ಕಳೋ, ಅಂಥವೇ ಬೇರೆ ಮಕ್ಕಳೋ. ಅವಳು ಹತ್ತೊಂಬತ್ತನ್ನು ತನ್ನ ಜಾಗಕ್ಕೆ ಸೇರಿಸಿ, ಕಟ್ಟನ್ನು ಸಮ ಮಾಡಲು ಮೇಜಿಗೆ ಕುಟ್ಟಿದಳು. ಕುಟ್ಟುವಾಗ ಅಡಿಯಲ್ಲಿದ್ದ ನಾಲ್ಕು ಖಾಲಿ ಫಾರಂಗಳು ಜಾರಿ ಪಕ್ಕಕ್ಕೆ ಬಂದವು. ಅವೇ ಗೆರೆ, ಅವೇ ಅಂಕಣ, ಅದೇ ದಪ್ಪ. ಮುಂದೆ ಹುಟ್ಟುವವರ ಜಾಗ.

ನಾಲ್ಕು ಅಲ್ಲಿ, ನಾಲ್ಕು ಇಲ್ಲಿ.

ಅವಳಿಗೆ ಆ ಕ್ಷಣ ಸಂತೋಷವಾಯಿತೆಂದು ತಿಳಿಯಬೇಡಿ. ಜೀವ ಬಾಯಿಗೆ ಬಂತು. ಮೇಷ್ಟ್ರೊಬ್ಬರಿಗಾಗಿ ಹುಡುಕಿದ ದಾರಿ ಸಾವಿರದಾರುನೂರು ಜನರ ದಾರಿಯಾಗಿ ಎದುರಿಗೆ ಬಿದ್ದಿತ್ತು. ಈಗ ಒಬ್ಬರನ್ನೇ ಒಳಗೆ ಕರೆದು ಉಳಿದವರ ಮುಖಕ್ಕೆ ಬಾಗಿಲು ಹಾಕುವ ಅನುಕೂಲವೂ ಇರಲಿಲ್ಲ. ಸೋಮವಾರ ಕೆಂಪು ಪುಸ್ತಕ ತೆರೆಯುತ್ತಾರೆ. ಖಾಲಿ ಇರುತ್ತದೆ. ಕಟ್ಟಿದವರು ಯಾರು ಎಂದು ಕೇಳಲು ಬಹಳ ಬುದ್ಧಿ ಬೇಕಿಲ್ಲ.

ತಲೆಯೆತ್ತಿದರೆ ಗೋಂದಮ್ಮ ಅವಳ ಕೈಯನ್ನೇ ನೋಡುತ್ತಿದ್ದಳು.

ಗೋಂದಮ್ಮನ ಬಾಯಿ ಊರಿಗೆಲ್ಲ ಪ್ರಸಿದ್ಧ. ಬೆಳಿಗ್ಗೆ ಕೇಳಿದ್ದು ಮಧ್ಯಾಹ್ನದೊಳಗೆ ಮೂರು ಬೀದಿ ತಿರುಗಿ ಬರುತ್ತಿತ್ತು. ಈಗ ಆ ಗೋಂದಮ್ಮ ಅಂಟಿನ ಪಾತ್ರೆಯ ಮುಚ್ಚಳವನ್ನು ಪೂರ್ತಿ ತೆಗೆದು ಕೆಳಗಿನ ಉರಿ ಹೆಚ್ಚಿಸಿದಳು. ಕಾದ ಅಂಟಿನ ನಾತ ಬಲ್ಲವರೇ ಬಲ್ಲರು, ಹಳೇ ಚರ್ಮ ಬೇಯಿಸಿದ ಹಾಗೆ. ಸಾಹೇಬರು ಎರಡು ಸಲ ಕೆಮ್ಮಿ, ಕರವಸ್ತ್ರ ಮೂಗಿಗೆ ಹಿಡಿದು, ಎದ್ದು ಹೋಗಿ ಬಾಗಿಲ ಹತ್ತಿರ ಹೊರಮುಖವಾಗಿ ನಿಂತರು.

"ಸೂಜಿಯಕ್ಕ, ಬೇಗ ಹೊಲಿ. ಅಂಟು ಆರಿಹೋಗುತ್ತೆ," ಎಂದಳು ಗೋಂದಮ್ಮ, ಎಂದಿನ ದನಿಯಲ್ಲೇ.

ಸೂಜಿಯಕ್ಕ ಕೆಂಪಿನ ನಾಲ್ಕನ್ನು ಎತ್ತಿ ಹಸಿರಿನ ಕಟ್ಟಿನ ನಾಲ್ಕು ಬೇರೆ ಬೇರೆ ಕಡೆ ತುರುಕಿದಳು, ಇಸ್ಪೀಟೆಲೆ ಕಲೆಸಿದ ಹಾಗೆ. ಖಾಲಿ ನಾಲ್ಕನ್ನು ಕೆಂಪಿನ ಜಾಗಕ್ಕೆ ಎಳೆದಳು. ಒಂದು ಉಸಿರಿನ ಕೆಲಸ. ಆಮೇಲೆ ಹೊಲಿಯತೊಡಗಿದಳು. ಎರಡು ಸಲ ಸೂಜಿ ಬೆರಳಿಗೆ ಚುಚ್ಚಿತು. ಹೊಸಬರಿಗೆ ಆಗುವ ಹಾಗೆ.

ಕತ್ತರಿ ಯಂತ್ರದ ಅಲಗು ಇಳಿದಾಗ ಸಂಖ್ಯೆಗಳಿದ್ದ ಅಂಚುಗಳು ಸಣ್ಣ ಪಟ್ಟಿಗಳಾಗಿ ಬುಟ್ಟಿಗೆ ಬಿದ್ದವು. ಗೋಂದಮ್ಮ ಬುಟ್ಟಿ ಎತ್ತಿಕೊಂಡು ಹೋಗಿ ಒಲೆಗೆ ಸುರಿದಳು. ರಟ್ಟು ಕಟ್ಟಿ ಮುಗಿದ ಮೇಲೆ ಸಾಹೇಬರು ಒಳಗೆ ಬಂದು ಎರಡೂ ಪುಸ್ತಕದ ಒಳರಟ್ಟಿಗೆ ಒಂದೊಂದು ಚೀಟಿ ಅಂಟಿಸಿ ಸಹಿ ಮಾಡಿದರು. ‘ನನ್ನ ಕಣ್ಣೆದುರಿನಲ್ಲಿ ಕಟ್ಟಲಾಗಿದೆ’ ಎಂದಿತ್ತು ಅದರಲ್ಲಿ. ಸಹಿ ಒಣಗಿದ ಮೇಲೆ ಅವರ ಬೆರಳು ಕೆಂಪು ಪುಸ್ತಕದ ಮೊದಲ ಪುಟದ ಅಂಚಿಗೆ ಹೋಯಿತು.

"ಈಗ ತೆರೀಬೇಡಿ ಸಾರ್," ಎಂದಳು ಸೂಜಿಯಕ್ಕ. ತನ್ನ ದನಿ ತನಗೇ ದೂರದಿಂದ ಕೇಳಿಸಿತು. "ಬೆನ್ನಿನ ಅಂಟು ಹಸಿ ಇದೆ. ತೆರೆದ್ರೆ ಬೆನ್ನು ಮುರಿಯುತ್ತೆ, ಹಾಳೆ ಉದುರುತ್ತೆ. ಸೋಮವಾರದ ತನಕ ಒತ್ತಿನಲ್ಲಿ ಇರಬೇಕು."

ಸಾಹೇಬರು ನಿಯಮಕ್ಕೆ ಬೆಲೆ ಕೊಡುವ ಮನುಷ್ಯ. ಬೆರಳು ತೆಗೆದರು. ಅವಳು ಎರಡೂ ಪುಸ್ತಕಗಳನ್ನು ಒತ್ತು ಯಂತ್ರಕ್ಕಿಟ್ಟು ಚಕ್ರ ತಿರುಗಿಸಿದಳು. ಅವರು ಕೋಣೆಗೆ ಬೀಗ ಹಾಕಿ ಬೀಗದ ಮೇಲೆ ಅರಗಿನ ಮುದ್ರೆ ಒತ್ತಿ ಹೋದರು.

ಮನೆಯಲ್ಲಿ ಮೇಷ್ಟ್ರು ಕೈಚೀಲ ತುಂಬುತ್ತಿದ್ದರು. ಎರಡು ಅಂಗಿ, ನಾಲ್ಕು ಪುಸ್ತಕ. ಪುಸ್ತಕ ತೆಗೆದು ಕಂಬಳಿ ಇಟ್ಟರು, ಕಂಬಳಿ ತೆಗೆದು ಪುಸ್ತಕ ಇಟ್ಟರು.

"ಯಾಕೆ ಕಟ್ತಾ ಇದ್ದೀರಿ? ನಿಮ್ಮ ಹೆಸರು ಹಸಿರಲ್ಲಿದೆ. ನಾನೇ ನೋಡಿದೆ."

"ನೀನು ಓದೋದಿಲ್ಲವಲ್ಲ."

"ಈ ಸಲ ಓದಿದೆ."

ಮೇಷ್ಟ್ರು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಅತ್ತರು. ಶನಿವಾರ ಊಟವನ್ನೂ ಮಾಡಿದರು, ಸಣ್ಣ ದನಿಯಲ್ಲಿ ಹಾಡನ್ನೂ ಗುನುಗಿದರು. ಭಾನುವಾರ ಮಧ್ಯಾಹ್ನ ಏಕಾಏಕಿ ಅವರ ಮುಖ ಬಾಡಿತು.

"ನಾವಿಬ್ಬರೂ ಉಳಿದ್ವಿ ಅಂತ ಖುಷಿಯಾಗಿ ಕೂತುಬಿಟ್ಟೆ ನೋಡು. ಅಷ್ಟು ವರ್ಷ ಪಾಠ ಹೇಳಿದ್ದೇನು, ಮಾಡಿದ್ದೇನು. ಕೆಂಪಲ್ಲಿ ಯಾರ್ಯಾರಿದ್ದಾರೆ ಅಂತ ನಿನ್ನನ್ನ ಕೇಳಲೇ ಇಲ್ಲ."

"ಯಾರೂ ಇಲ್ಲ," ಎಂದಳು ಸೂಜಿಯಕ್ಕ.

ಹೇಳಲು ಮನಸ್ಸಿಲ್ಲ ಎಂದುಕೊಂಡು ಮೇಷ್ಟ್ರು ಮತ್ತೆ ಕೇಳಲಿಲ್ಲ. ಅವಳು ಆ ಎರಡು ದಿನ ಮೆಟ್ಟಿಲ ಮೇಲೆ ಯಾರ ಹೆಜ್ಜೆ ಸಪ್ಪಳವಾದರೂ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ನಿಲ್ಲುತ್ತಿದ್ದಳು. ಬೀಗದವನ ಅವಳಿ ಹೆಣ್ಣುಮಕ್ಕಳು ಮೆಟ್ಟಿಲು ಹತ್ತಿ ಇಳಿದು ಆಡುತ್ತಿದ್ದವು. ಎಂದಿನಂತೆ ಗದರಲು ಬಾಯಿ ಬರಲಿಲ್ಲ. ಹೊಲಿಯುವಾಗ ಮೂವತ್ತೊಂದನೆಯ ಫಾರಂನಲ್ಲಿ ಆ ಇಬ್ಬರ ಹೆಸರೂ ಕಣ್ಣಿಗೆ ಬಿದ್ದಿತ್ತು, ಅವನದೂ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಾಗಿಲು ತಟ್ಟಿದ ಸದ್ದಾಯಿತು. ಸಾಹೇಬರು ಒಬ್ಬರೇ ಬಂದಿದ್ದರು. ಬಗಲಲ್ಲಿ ಬಟ್ಟೆ ಸುತ್ತಿದ ಪುಸ್ತಕ. ಕನ್ನಡಕದ ಗಾಜು ಮಂಜಾಗಿತ್ತು, ಒರೆಸಿಕೊಂಡಿರಲಿಲ್ಲ.

"ಸ್ವಲ್ಪ ನೀರು ಸಿಗುತ್ತಾ?" ಎಂದು ಮೇಷ್ಟ್ರನ್ನು ಕೇಳಿದರು. ಮೇಷ್ಟ್ರು ಒಳಗೆ ಹೋದ ಮೇಲೆ ಪುಸ್ತಕವನ್ನು ಊಟದ ಮೇಜಿನ ಮೇಲೆ ತೆರೆದರು. ಒಂದು ಪುಟ, ಎರಡು, ಹತ್ತು. ಬರೀ ಗೆರೆ.

ಸೂಜಿಯಕ್ಕ ಮೇಜಿನ ಅಂಚು ಹಿಡಿದುಕೊಂಡಳು. ಸಾಹೇಬರು ಕೂಗಾಡುತ್ತಾರೆ ಎಂದುಕೊಂಡಿದ್ದಳು. ಅವರು ಕುಳಿತುಬಿಟ್ಟರು.

"ಆ ನಾಲ್ಕು ಯಾವುದು?"

"ನಂಬರು ಕತ್ತರಿಸಿ ಹೋಯ್ತು ಸಾರ್."

"ನಿಮಗೆ ನೆನಪಿರುತ್ತೆ."

"ನಾನು ಓದೋದಿಲ್ಲ."

ಒಳಗೆ ಮಡಕೆಯ ಮುಚ್ಚಳ ತೆಗೆದ ಸದ್ದಾಯಿತು. ಸಾಹೇಬರು ದನಿ ತಗ್ಗಿಸಿದರು. "ಇಲ್ನೋಡಿ, ಇದರ ಮೇಲೆ ನನ್ನ ಸಹಿ ಇದೆ. ನನ್ನ ಕಣ್ಣೆದುರಿನಲ್ಲಿ ಅಂತ. ಇದನ್ನ ಸೇತುವೆ ಹತ್ತಿರ ಖಾಲಿ ತೆರೆದ್ರೆ ಮೊದಲು ನಾನು ಹೋಗ್ತೀನಿ, ನನ್ನ ಹಿಂದೆ ನೀವು, ಆಮೇಲೆ ಹಸಿರನ್ನ ಬಿಚ್ಚಿ ಎಲ್ಲರನ್ನೂ ಮೊದಲಿಂದ ಕೇಳ್ತಾರೆ. ಒಂದು ಹೆಸರಿರಬೇಕಮ್ಮ. ಒಂದಿದ್ರೂ ಸಾಕು. ಈ ಊರಲ್ಲಿ ಸಿಕ್ಕಿದ್ದು ಒಬ್ಬರೇ ಅಂತ ವರದಿ ಬರೀತೀನಿ. ಎರಡೂ ಪುಸ್ತಕದಲ್ಲಿ ಹೆಸರಿದ್ರೆ ಕೆಂಪೇ ಗಟ್ಟಿ, ಅದು ನಿಯಮ. ಯಾರಾದ್ರೂ ಹೇಳಿ. ನಿಮಗೆ ಆಗದವರು ಒಬ್ಬರಾದ್ರೂ ಇರ್ತಾರಲ್ಲ."

ಅರ್ಧ ನಿಮಿಷ ಅವಳು ಯೋಚಿಸಿದಳು ಎಂದು ಹೇಳದಿದ್ದರೆ ಕಥೆ ಸುಳ್ಳಾಗುತ್ತದೆ. ಮೆಟ್ಟಿಲ ಮೇಲಿನ ಕೊಳಕು ನೀರು ನೆನಪಾಯಿತು. ಬೀಗದವನ ಹೆಸರು ನಾಲಿಗೆಯ ತುದಿಯ ತನಕ ಬಂತು. ಅದರ ಹಿಂದೆಯೇ ಆ ಹೆಸರಿನ ಕೆಳಗೆ ಅಚ್ಚಾಗಿದ್ದ ಎರಡು ಸಾಲು, ಮಗು, ಮಗು. ಓದಬಾರದಿತ್ತು. ಓದಿದ್ದನ್ನು ಬಿಚ್ಚಲು ಯಾವ ಕತ್ತರಿಯೂ ಇಲ್ಲ.

"ಪೆನ್ನು ಕೊಡಿ," ಎಂದಳು.

ಮೊದಲ ಖಾಲಿ ಸಾಲಿನಲ್ಲಿ ತನ್ನ ಹೆಸರು ಬರೆದಳು. ಕೆಲಸ, ಬೈಂಡಿಂಗ್. ಬೀದಿ. ಪೆನ್ನು ದಪ್ಪಗೆ ಶಾಯಿ ಬಿಡುವಂಥದ್ದು, ಅಕ್ಷರಗಳು ಹಸಿಹಸಿಯಾಗಿ ಹೊಳೆದವು.

ಸಾಹೇಬರು ತಲೆ ಅಲ್ಲಾಡಿಸಿದರು. "ನೀವು ಇಲ್ಲೇ ಹುಟ್ಟಿದವರು, ನಿಮ್ಮ ತಾಯಿನೂ ಇಲ್ಲೇ ಹುಟ್ಟಿದವರು. ಷರಾದಲ್ಲಿ ಏನು ಕಾರಣ ಬರೀತೀರಿ?"

ಊರು ಇದ್ದೋರು ಯಾರೂ ಹಾಗನ್ನಲ್ಲ ಎಂದು ಅವಳೇ ಈರುಳ್ಳಿ ಹೆಚ್ಚುತ್ತಾ ಹೇಳಿದ್ದಳು. ಅವಳಿಗೆ ಊರಿತ್ತು. ಬೀದಿಯಿತ್ತು, ಕೋಣೆಯಿತ್ತು, ಮೇಣದ ಉಂಡೆ ಇಡಲು ಮೇಜಿನ ಮೇಲೆ ಅವಳದೇ ಒಂದು ಗುಂಡಿಯಿತ್ತು. ಅದನ್ನೆಲ್ಲ ಬಿಟ್ಟು ಹೋಗುವುದನ್ನು ನೆನೆದರೆ ಕೈಕಾಲು ತಣ್ಣಗಾಗುತ್ತಿತ್ತು. ಆ ತಣ್ಣಗಿನ ಕೈಯಲ್ಲೇ ‘ಲೋಕದವಳು’ ಎಂದು ಬರೆದಳು.

ನೀರಿನ ಲೋಟ ಹಿಡಿದು ಮೇಷ್ಟ್ರು ಬಂದು ನಿಂತಿದ್ದರು. ಅವರು ಓದುವ ಜನ, ತಲೆಕೆಳಗಾದ ಅಕ್ಷರವನ್ನೂ ದೂರದಿಂದಲೇ ಓದಬಲ್ಲರು. ಖಾಲಿ ಪುಟಗಳನ್ನು ನೋಡಿದರು, ಒಂದೇ ಸಾಲನ್ನು ನೋಡಿದರು. ಯಾರೂ ಇಲ್ಲ ಎಂದು ಅವಳು ಹೇಳಿದ್ದು ಅವರಿಗೆ ಈಗ ಅರ್ಥವಾಯಿತು. ಲೋಟವನ್ನು ಮೇಜಿನ ಮೇಲಿಟ್ಟರು. ಅರ್ಧ ನೀರು ಹೊರಗೆ ಚೆಲ್ಲಿತು.

"ಅದು ನನ್ನ ಸಾಲು. ಪೆನ್ನು ಇಲ್ಲಿ ಕೊಡಿ ಸಾರ್, ಅವಳ ಕೆಳಗೆ ನಂದೂ ಬರೀತೀನಿ."

ಸಾಹೇಬರಿಗೆ ಒಂದಕ್ಕಿಂತ ಎರಡು ಲೇಸು. ಪೆನ್ನು ಮುಂದೆ ಚಾಚಿದರು. ಮೇಷ್ಟ್ರು ಅದನ್ನು ಹಿಡಿದು ಬಗ್ಗಿದರು. ಪೆನ್ನಿನ ತುದಿ ಕಾಗದ ಮುಟ್ಟುವ ಮೊದಲು ಸೂಜಿಯಕ್ಕ ಕೆಂಪು ರಟ್ಟನ್ನು ಎತ್ತಿ ಪುಸ್ತಕವನ್ನು ಮುಚ್ಚಿದಳು. ಎರಡೂ ಅಂಗೈಯನ್ನು ಅದರ ಮೇಲಿಟ್ಟು ಮೈಭಾರವೆಲ್ಲ ಬಿಟ್ಟಳು.

"ಹಸಿ ಇದೆ ಕಣೇ," ಎಂದರು ಮೇಷ್ಟ್ರು. "ಎದುರು ಪುಟಕ್ಕೆ ಹತ್ತುತ್ತೆ."

"ಹತ್ತಲಿ. ಒಂದೇ ಹೆಸರು ಸಾಕು ಅಂದಿದ್ದಾರೆ."

ಮೇಷ್ಟ್ರು ಅವಳ ಮಣಿಕಟ್ಟು ಹಿಡಿದು ಎಳೆದರು. ಸೇತುವೆಗೆ ಹೊರಡಲು ಇನ್ನೂ ಒಂದೂವರೆ ಗಂಟೆಯಿತ್ತು. ಅವಳು ಕೈ ತೆಗೆಯಲಿಲ್ಲ.